ಸವೆದ ರಬ್ಬರು

ರಾಜರ ಕಾಲದ ಕಥೆಯಲ್ಲ, ಮೊನ್ನೆ ಮೊನ್ನೆಯದು.

ಕಾವೇರಿ ದಡದಲ್ಲಿ ಒಂದು ಹೆಂಚಿನ ಶೆಡ್ಡು. ಹೊರಗೆ ಬೋರ್ಡಿಲ್ಲ, ಒಳಗೆ ಹಳೆಯ ಸ್ಪೋರ್ಟ್ಸ್ ಕಾರುಗಳು. ಊರಿನವರು ಅದನ್ನು ತಮಾಷೆಗೆ ಆಶ್ರಮ ಅನ್ನುತ್ತಿದ್ದರು. ಬರಬರುತ್ತ ತಮಾಷೆ ಹೋಗಿ ಹೆಸರು ಉಳಿಯಿತು.

ಅಲ್ಲಿನ ಗುರು ನಿರ್ವಾಣಯ್ಯ. ಹಳೆಯ ಕಾರಿಗೆ ಬೆಲೆ ಹೇಳುವುದು ಅವರ ವಿದ್ಯೆ. ಕೊಳ್ಳುವವರೂ ಮಾರುವವರೂ ದೂರದೂರದಿಂದ ಬರುತ್ತಿದ್ದರು. ನಿರ್ವಾಣಯ್ಯ ಗಾಡಿಯ ಸುತ್ತ ಒಮ್ಮೆ ನಡೆದು, ಒಳಗೆ ಬಗ್ಗಿ ನೋಡಿ, ಕೈ ಒರೆಸಿಕೊಂಡು ಒಂದು ಬೆಲೆ ಹೇಳುತ್ತಿದ್ದರು. ಹೇಳಿದ್ದನ್ನು ಬದಲಾಯಿಸಿದ ಮನುಷ್ಯನೇ ಅಲ್ಲ. ಆ ಕಸುಬಿನ ಮಾನ ಇರುವುದೇ ಅದರಲ್ಲಿ. ಬೆಳಿಗ್ಗೆ ಒಂದು, ಸಂಜೆ ಒಂದು ಹೇಳುವವನ ಬಾಗಿಲಿಗೆ ಯಾರು ಬರುತ್ತಾರೆ?

ಉಮಾಪತಿ ಅವರ ಶಿಷ್ಯ. ಬಂದಾಗ ಮೀಸೆ ಚಿಗುರುತ್ತಿತ್ತು, ಈಗ ಮದುವೆಯ ಮಾತು ನಡೆಯುತ್ತಿತ್ತು. ವಿದ್ಯೆಯೆಲ್ಲ ಬಾಯಿಪಾಠವಾಗಿತ್ತು. ಕಂಪನಿಯ ಬಣ್ಣ ಹಾಗೇ ಇದ್ದರೆ ಬೆಲೆ ಏರುತ್ತದೆ, ಮೇಲೆ ಬಳಿದರೆ ಇಳಿಯುತ್ತದೆ. ಇಂಜಿನ್ ಬದಲಾಗಿದ್ದರೆ ಇನ್ನೂ ಇಳಿಯುತ್ತದೆ. ಬಾಡಿ ಕತ್ತರಿಸಿದ್ದರೆ ಪಾತಾಳ. ಕಡಿಮೆ ಓಡಿದ್ದರೆ ಆಕಾಶ.

"ಗುರುಗಳೇ, ನಾನು ಬೆಲೆ ಹೇಳೋದು ಯಾವಾಗ?"

"ಅವಸರ ಹೋದ ಮೇಲೆ."

"ಅದು ಯಾವಾಗ ಹೋಗುತ್ತೆ?"

"ನೋಡು, ಇನ್ನೂ ಇದೆ."

ಉಮಾಪತಿ ತಲೆ ಕೆರೆದುಕೊಂಡು ಗಾಡಿಯ ಕೆಳಗೆ ನುಸುಳಿದ.

ಒಂದು ದಿನ ಬೆಳಿಗ್ಗೆ ಶೆಡ್ಡಿನ ಮುಂದೆ ಹಸಿರು ಬಣ್ಣದ ಕಾರೊಂದು ಬಂದು ನಿಂತಿತು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ. ಇಳಿದವರು ಕೊಡಗಿನ ದೇಚಮ್ಮ ಡಾಕ್ಟರು. ಎತ್ತರ ಕಾರಿನ ಬಾಗಿಲಿಗಿಂತ ಸ್ವಲ್ಪ ಹೆಚ್ಚು, ವಯಸ್ಸು ಎಪ್ಪತ್ತರ ಮೇಲೆ.

"ಸಂಜೆಯಾದ್ರೆ ಕಣ್ಣು ಮಸುಕು, ನಿರ್ವಾಣಯ್ಯ. ಇನ್ನು ಇದನ್ನ ಓಡಿಸೋಕಾಗಲ್ಲ. ಹುಬ್ಬಳ್ಳಿಯವರೊಬ್ಬರು ಕೇಳ್ತಿದಾರೆ. ನೀವು ಬೆಲೆ ಹೇಳಿದ್ರೆ ಇಬ್ಬರಿಗೂ ಒಪ್ಪಿಗೆ."

ನಿರ್ವಾಣಯ್ಯ ಗಾಡಿಯೊಳಗೆ ಬಗ್ಗಿ ನೋಡಿದರು. ಆಮೇಲೆ ಕೈ ಒರೆಸಿಕೊಳ್ಳುವ ಬಟ್ಟೆಯನ್ನು ಉಮಾಪತಿಯ ಹೆಗಲಿಗೆ ಹಾಕಿದರು.

"ಇದರ ಬೆಲೆ ಇವನು ಹೇಳ್ತಾನೆ."

ಉಮಾಪತಿಗೆ ಎದೆ ಉಬ್ಬಿತು. ಡಾಕ್ಟರಮ್ಮನನ್ನು ಬಸ್ಸು ಹತ್ತಿಸಿ ಬಂದವನೇ ಅಂಗಿ ತೋಳು ಮಡಚಿದ.

ಗಾಡಿ ಚೆನ್ನಾಗಿತ್ತು. ಬಣ್ಣ ಕಂಪನಿಯದೇ, ಇಂಜಿನ್ ಹುಟ್ಟಿನಿಂದ ಬಂದದ್ದೇ. ಡಾಕ್ಟರಮ್ಮ ಸೇರಿಸಿದ್ದು ಮೂರು: ಮುಂದೆ ಮಂಜಿಗೆಂದು ಒಂದು ಹಳದಿ ದೀಪ, ಹಿಂದೆ ಔಷಧದ ಪೆಟ್ಟಿಗೆ ಕಟ್ಟುವ ಕಬ್ಬಿಣದ ಚೌಕಟ್ಟು, ಕ್ಲಚ್ ಪೆಡಲಿಗೆ ಕಾಲು ಎಟುಕಲೆಂದು ಒಂದು ಮರದ ತುಂಡು. ಮೂರನ್ನೂ ಬಿಗಿದು ಕಟ್ಟಿದ್ದರೇ ಹೊರತು ಎಲ್ಲೂ ತೂತು ಕೊರೆದಿರಲಿಲ್ಲ. ಪುಣ್ಯಾತ್ಮಳು ಅಂದುಕೊಂಡ ಉಮಾಪತಿ. ಬಿಚ್ಚಿದರೆ ಗಾಡಿ ಮತ್ತೆ ಕಂಪನಿಯಿಂದ ಬಂದ ಹಾಗೆ.

ಬಿಚ್ಚಿದ.

ಆಮೇಲೆ ಮೀಟರ್ ನೋಡಿದ. ಹದಿನೆಂಟು ಸಾವಿರ ಮೈಲಿ. ಇಷ್ಟು ಹಳೆಯ ಗಾಡಿ, ಇಷ್ಟು ಕಡಿಮೆ ಓಟ. ಉಮಾಪತಿಗೆ ಕುಣಿಯುವಂತಾಯಿತು.

ಎಲ್ಲ ಸರಿಯಿದ್ದು ಬ್ರೇಕ್ ಪೆಡಲಿನ ರಬ್ಬರು ಮಾತ್ರ ದೃಷ್ಟಿಬೊಟ್ಟಿನ ಹಾಗೆ ಕಾಣುತ್ತಿತ್ತು. ಅದರ ಗೆರೆಗಳೆಲ್ಲ ಅಳಿಸಿ, ಒಂದು ಅಂಚು ತೆಳುವಾಗಿ, ಒಳಗಿನ ಕಬ್ಬಿಣ ಇಣುಕುತ್ತಿತ್ತು. ಕಿತ್ತು ಕಸಕ್ಕೆ ಎಸೆದ. ಹೊಸದೊಂದು ಹಾಕಿದ.

ಸುಮ್ಮನಿರಲಾರದೆ ಹುಬ್ಬಳ್ಳಿಗೆ ಫೋನ್ ಮಾಡಿದ. ಕೊಳ್ಳುವವರ ಮನೆತನದ ಹೆಸರು ಮೆಣಸಿನಕಾಯಿ. ಹೆಸರು ಖಾರ, ಮನುಷ್ಯ ಮೆತ್ತಗೆ. ಉಮಾಪತಿ ಅವರಿಗೆ ಎಲ್ಲ ಕಂಪನಿಯದೇ ಅಂದ, ಓಟ ಹೇಳಿದ, ಬೆಲೆಯನ್ನೂ ಹೇಳಿದ. ಗುರುಗಳು ಕೂಡ ಅಷ್ಟು ದೊಡ್ಡ ಬೆಲೆ ಹೇಳಿದ್ದನ್ನು ಅವನು ಕೇಳಿರಲಿಲ್ಲ. ಮೆಣಸಿನಕಾಯಿಯವರು ನಾಳೆಯೇ ಬರುತ್ತೇನೆ ಅಂದರು.

ಮಧ್ಯಾಹ್ನ ಊಟಕ್ಕೆ ಕೂತಾಗ ನಿರ್ವಾಣಯ್ಯ ಕೇಳಿದರು.

"ಏನೇನು ತೆಗೆದೆ?"

"ದೀಪ, ಚೌಕಟ್ಟು, ಮರದ ತುಂಡು. ಪೆಟ್ಟಿಗೇಲಿ ಇಟ್ಟಿದ್ದೀನಿ."

"ಮತ್ತೆ?"

"ಒಂದು ಹಳೇ ರಬ್ಬರು. ಎಸೆದೆ."

ನಿರ್ವಾಣಯ್ಯ ಅರ್ಧ ಊಟದಲ್ಲಿ ಎದ್ದು ಕೈ ತೊಳೆದರು. ಶೆಡ್ಡಿನ ಹಿಂದೆ ಹೋಗಿ ಕಸದ ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೆದಕಿದರು. ರಬ್ಬರು ಸಿಕ್ಕಿತು. ಪಂಚೆಯ ಅಂಚಿನಿಂದ ಒರೆಸಿ, ಹಿಂದೆಯೇ ಬಂದಿದ್ದ ಶಿಷ್ಯನ ಕೈಯಲ್ಲಿಟ್ಟರು.

"ಓದು."

"ಇದರಲ್ಲಿ ಏನೂ ಇಲ್ಲವಲ್ಲ ಗುರುಗಳೇ."

"ಮೊದಲು ಇತ್ತಾ?"

"ಗೆರೆಗಳಿದ್ದವು."

"ಯಾರು ಅಳಿಸಿದ್ದು?"

"ಡಾಕ್ಟರಮ್ಮನ ಕಾಲು."

"ಆ ಗುಬ್ಬಚ್ಚಿ ಕಾಲಿಗೆ ಇಷ್ಟು ಅಳಿಸೋಕೆ ಹದಿನೆಂಟು ಸಾವಿರ ಮೈಲಿ ಸಾಕಾ?"

ಉಮಾಪತಿ ರಬ್ಬರನ್ನು ತಿರುವಿ ನೋಡಿದ. ನೋಡುತ್ತ ನೋಡುತ್ತ ಲೆಕ್ಕ ಹೊಳೆಯಿತು. ಆ ಕಾಲದ ಮೀಟರಿನಲ್ಲಿ ಅಂಕಿಗೆ ಐದೇ ಮನೆ. ಲಕ್ಷ ಮುಟ್ಟಿದರೆ ಎಲ್ಲ ಸೊನ್ನೆಯಾಗಿ ಮತ್ತೆ ಮೊದಲಿನಿಂದ ಶುರು. ಗಾಡಿ ಓಡಿದ್ದು ಹದಿನೆಂಟು ಸಾವಿರವಲ್ಲ, ಲಕ್ಷದ ಮೇಲೆ ಹದಿನೆಂಟು ಸಾವಿರ.

"ನಾನು ಸುಳ್ಳು ಹೇಳಲಿಲ್ಲ. ಮೀಟರು ಹೇಳಿತು."

"ಮೀಟರು ತನಗೆ ಬರೋ ಅಷ್ಟು ಹೇಳ್ತು. ಪಾಪ, ಅದಕ್ಕೆ ಐದೇ ಮನೆ. ಸಾಕ್ಷೀನ ತಿಪ್ಪೆಗೆ ಹಾಕಿದ್ದು ಯಾರು?"

ಉಮಾಪತಿ ತಲೆ ತಗ್ಗಿಸಿದ.

"ನಾನು ಬೆಲೆ ಹೇಳಿಬಿಟ್ಟೆ ಗುರುಗಳೇ. ಫೋನಿನಲ್ಲಿ."

ನಿರ್ವಾಣಯ್ಯ ಕೈಗಂಟಿದ ಕಸ ಕೊಡವಿಕೊಂಡರು.

"ಈಗ ಏನು ಮಾಡಲಿ?"

"ಬೆಲೆ ನೀನು ಹೇಳ್ತೀಯ ಅಂತ ಆ ತಾಯಿಗೆ ಮಾತು ಕೊಟ್ಟಿದ್ದೀನಿ," ಎಂದು ಅವರು ಉಳಿದ ಮಜ್ಜಿಗೆ ಅನ್ನಕ್ಕೆ ಹೋದರು.

ಉಮಾಪತಿಗೆ ಭಯವಾಯಿತು, ಸುಮ್ಮನೆ ಯಾಕೆ ಮುಚ್ಚಿಡಬೇಕು. ಹೇಳಿದ ಬೆಲೆಗೇ ಅಂಟಿಕೊಂಡರೆ ಮೋಸ. ಬದಲಾಯಿಸಿದರೆ ಮೊದಲನೇ ಗಾಡಿಗೇ ಮಾತು ತಪ್ಪಿದವನು ಅನ್ನಿಸಿಕೊಂಡು ಕಸುಬೇ ಮುಗಿಯುತ್ತದೆ. ಇಷ್ಟು ವರ್ಷ ಕಾದದ್ದು ಇದಕ್ಕಾ ಅನ್ನಿಸಿತು. ಅತ್ತ ದರಿ ಇತ್ತ ಪುಲಿ ಅನ್ನುವುದು ಇದಕ್ಕೇ ಇರಬೇಕು.

ಮರುದಿನ ಮೊದಲು ಬಂದವರು ದೇಚಮ್ಮ. ಕೊನೆಯ ಸಲ ಕೂತು ನೋಡುತ್ತೇನೆಂದು ಗಾಡಿ ಹತ್ತಿದರು. ಎಡಗಾಲು ಚಾಚಿದರು. ಎಟುಕಲಿಲ್ಲ.

"ನನ್ನ ಮರದ ತುಂಡೆಲ್ಲಿ?"

"ತೆಗೆದಿದ್ದೀನಿ ಅಮ್ಮ. ಅದಿದ್ದರೆ ಬೆಲೆ ಇಳಿಯುತ್ತೆ."

"ಅದಿಲ್ಲದಿದ್ರೆ ನಾನು ಹೆರಿಗೆ ಮಾಡಿಸೋಕೆ ಹೋಗೋ ಹಾಗೇ ಇರಲಿಲ್ಲ," ಎಂದು ಅವರು ನಕ್ಕರು. "ಹೋಗಲಿ. ನೀವು ಚೆನ್ನಾಗಿ ನೋಡಿದ್ದೀರಲ್ಲ, ಹೇಳಿ. ಇದು ಎಷ್ಟು ಬಾಳುತ್ತೆ?"

ಉಮಾಪತಿ ಕುಗ್ಗಿದ ದನಿಯಲ್ಲಿ ಫೋನಿನಲ್ಲಿ ಹೇಳಿದ್ದ ಬೆಲೆಯನ್ನೇ ಹೇಳಿದ.

"ಅಯ್ಯೋ, ಬೆಲೆ ಯಾರು ಕೇಳಿದ್ರು? ಇನ್ನು ಎಷ್ಟು ವರ್ಷ ಬಾಳುತ್ತೆ ಅಂತ ಕೇಳ್ದೆ."

ಉಮಾಪತಿಗೆ ನಾಚಿಕೆಯಾಯಿತು. ಒಂದೇ ಮಾತು, ಅವನ ಕಿವಿಗೆ ಅದರ ಅರ್ಧವಷ್ಟೇ ಬಿದ್ದಿತ್ತು.

"ಅಮ್ಮ, ಈ ಮೀಟರು ಒಂದು ಸುತ್ತು ಬಂದಿದೆಯಾ?"

"ಹೂಂ. ಘಾಟಿ ಇಳೀತಿದ್ದೆ, ಬೆಳಗಾಗ್ತಿತ್ತು. ನೋಡ್ತೀನಿ, ಎಲ್ಲಾ ಸೊನ್ನೆ. ತೋಟದ ಆಳುಗಳ ಲೈನ್ ಮನೇಲಿ ಒಂದು ಹೆಣ್ಣುಮಗುವಿನ ಹೆರಿಗೆ ಮಾಡಿಸಿ ಬರ್ತಿದ್ದೆ. ಎರಡಕ್ಕೂ ಒಂದೇ ಜನ್ಮದಿನ ಅಂದ್ಕೊಂಡೆ." ಅವರು ಸ್ಟಿಯರಿಂಗ್ ಸವರಿದರು. "ಯಾಕೆ, ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಾಗಬೇಕಿತ್ತು."

ದೇಚಮ್ಮ ಇಳಿದ ಮೇಲೆ ಉಮಾಪತಿ ಹೋಗಿ ಸ್ಪ್ಯಾನರು ತಂದ. ಹೊಸ ರಬ್ಬರು ಕಿತ್ತು ಹಳೆಯದನ್ನು ಪೆಡಲಿಗೆ ಹಾಕಿದ. ದೀಪ ಕಟ್ಟಿದ. ಚೌಕಟ್ಟು ಬಿಗಿದ. ಮರದ ತುಂಡನ್ನು ಕ್ಲಚ್ಚಿಗೆ ಕೂರಿಸುತ್ತಿರುವಾಗ ಮೆಣಸಿನಕಾಯಿಯವರ ಜೀಪು ಬಂತು.

ಅವರು ಗಾಡಿಯನ್ನು ನೋಡಿದರು. ಉಮಾಪತಿಯ ಮುಖ ನೋಡಿದರು.

"ಫೋನಿನ್ಯಾಗ ಎಲ್ಲಾ ಕಂಪನೀದ ಐತಿ ಅಂದಿದ್ರಿ."

"ಈ ಮೂರು ಡಾಕ್ಟರಮ್ಮ ಹಾಕಿಸಿದ್ದು ಸಾಹುಕಾರರೇ. ಗಾಡಿಗೆ ಗಾಯ ಆಗಿಲ್ಲ, ಬೇಕಾದರೆ ಬಿಚ್ಚಬಹುದು. ನಾನು ಬಿಚ್ಚಿದ್ದೆ. ನಿಮ್ಮ ಕಣ್ಣೆದುರು ಇರಲಿ ಅಂತ ಮತ್ತೆ ಹಾಕಿದೆ."

"ಆಗ್ಲಿ. ಓಟ ಹದಿನೆಂಟು ಸಾವಿರ ಹೌದಲ್ಲ?"

ನಿರ್ವಾಣಯ್ಯ ಬಾಗಿಲ ಬಳಿ ಕಲ್ಲಿನ ಮೇಲೆ ಕೂತಿದ್ದರು. ಉಮಾಪತಿ ಅವರ ಕಡೆ ತಿರುಗಲಿಲ್ಲ. ತಿರುಗಿದರೆ ಧೈರ್ಯ ಹೋಗುತ್ತದೆಂದು ಅವನಿಗೆ ಗೊತ್ತಿತ್ತು.

"ಅಲ್ಲ. ಲಕ್ಷದ ಹದಿನೆಂಟು ಸಾವಿರ. ಮೀಟರು ಸುತ್ತು ಬಂದಿದೆ. ಪೆಡಲು ನೋಡಿ, ಅದು ಹೇಳುತ್ತೆ. ನಾನು ನೋಡಿರಲಿಲ್ಲ."

"ಅಂದ್ರ ರೇಟು?"

"ನಿನ್ನೆ ಹೇಳಿದ್ದು ತಪ್ಪು. ಅದರ ಅರ್ಧ."

"ಹೇಳಿದ ರೇಟು ತಿರುಗಿಸಿ ಹೇಳಾಕತ್ತೀರಿ."

"ಹೌದು. ತಪ್ಪು ನನ್ನದು, ಗಾಡಿಯದಲ್ಲ."

ಮೆಣಸಿನಕಾಯಿಯವರು ಕಲ್ಲಿನ ಕಡೆ ನೋಡಿದರು. "ಅಯ್ಯಾರ, ನೀವರ ಒಂದು ಮಾತು ಹೇಳ್ರಿ."

"ಬೆಲೆ ಹೇಳಿ ಆಯ್ತಲ್ಲ," ಎಂದರು ನಿರ್ವಾಣಯ್ಯ.

ಸಾಹುಕಾರರು ಗಾಡಿ ಹತ್ತಿ ಕೀಲಿ ತಿರುಗಿಸಿದರು. ಇಂಜಿನ್ ಒಂದೇ ಸಲಕ್ಕೆ ಎದ್ದಿತು. ದಡದ ರಸ್ತೆಯಲ್ಲಿ ಕಣ್ಮರೆಯಾದರು. ದೇಚಮ್ಮ ಕಣ್ಣು ಮುಚ್ಚಿಕೊಂಡು ಆ ಸದ್ದನ್ನೇ ಕೇಳುತ್ತಿದ್ದರು.

"ಅಮ್ಮ, ನಿಮಗೆ ನಷ್ಟ ಮಾಡಿದೆ," ಎಂದ ಉಮಾಪತಿ.

"ನನ್ನ ಓಟದಲ್ಲಿ ಒಂದು ಲಕ್ಷ ಮೈಲಿ ಕಳೆದುಬಿಟ್ಟಿದ್ರಿ. ಈಗ ವಾಪಸು ಕೊಟ್ರಿ. ಮತ್ತೆ ನಾನು ಕೇಳಿದ್ದಕ್ಕೆ ಇನ್ನೂ ಹೇಳಲಿಲ್ಲ."

ಉಮಾಪತಿ ಯೋಚಿಸಿದ. ಈ ಸಲ ಅವಸರವಿರಲಿಲ್ಲ.

"ಓಡಿಸುತ್ತಾ ಇದ್ದರೆ ನನಗಿಂತ ಹೆಚ್ಚು ಬಾಳುತ್ತೆ ಅಮ್ಮ. ನಿಲ್ಲಿಸಿದರೆ ಹೇಳಲಾರೆ."

ಗಾಡಿ ತಿರುಗಿ ಬಂತು. ಮೆಣಸಿನಕಾಯಿಯವರ ತಲೆಗೂದಲು ಕೆದರಿತ್ತು, ಮುಖದಲ್ಲಿ ಹುಡುಗನ ಕಳೆ.

"ಗಾಜಿನ ಮನ್ಯಾಗ ಇಡಾಕ ಅಂತ ಬಂದಿದ್ದೆ. ಇದು ಇಡೂ ಗಾಡಿ ಅಲ್ಲ ಬಿಡ್ರಿ. ಅರ್ಧಕ್ಕ ತೊಗೊಂತೀನಿ, ದೀಪಾ ಹಂಗ ಇರ್ಲಿ." ಹೊರಡುವ ಮುಂಚೆ ಉಮಾಪತಿಯ ಹತ್ತಿರ ಬಂದರು. "ನಮ್ಮನ್ಯಾಗ ಇನ್ನೂ ಗಾಡಿ ಅದಾವು. ಬಂದು ಒಮ್ಮೆ ನೋಡ್ರಿ."

ಬೆಲೆ ಹೇಳಲು ತನ್ನನ್ನು ಕರೆದರೆಂಬುದು ಉಮಾಪತಿಯ ತಲೆಗೆ ಹೋಗಲೇ ಇಲ್ಲ. ಹಸಿರು ಗಾಡಿ ಹೋಯಿತು, ಹಿಂದೆ ಡ್ರೈವರನ ಕೈಯಲ್ಲಿ ಜೀಪು. ಡಾಕ್ಟರಮ್ಮ ಅದೇ ಗಾಡಿಯ ಪಕ್ಕದ ಸೀಟಿನಲ್ಲಿ ಕೂತು, ಬಸ್ ನಿಲ್ದಾಣದವರೆಗೆ ಹೋದರು. ಶೆಡ್ಡು ಖಾಲಿಯೆನಿಸಿತು.

ಉಮಾಪತಿ ಗುರುಗಳ ಮುಂದೆ ನಿಂತ. ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ಚಾಚಿದ.

"ಹೇಳಿದ ಬೆಲೆ ತಿರುಗಿಸಿ ಹೇಳಿದೆ ಗುರುಗಳೇ. ನೀವು ಒಮ್ಮೆಯೂ ಹಾಗೆ ಮಾಡಿದವರಲ್ಲ. ಇನ್ನೆಷ್ಟು ವರ್ಷ ಕಲಿಯಬೇಕೋ ಹೇಳಿ, ಕಲಿಯುತ್ತೇನೆ."

ನಿರ್ವಾಣಯ್ಯ ಬಟ್ಟೆ ತೆಗೆದುಕೊಳ್ಳಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದರು, ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕಿದರು, ದಡದ ಕಡೆ ನಡೆದರು. ಸ್ವಲ್ಪ ದೂರ ಹೋಗಿ ನಿಂತರು.

"ಇನ್ನು ಮೇಲೆ ಬೆಲೆ ಕೇಳ್ಕೊಂಡು ಬಂದೋರು ನಿಮ್ಮ ಗುರುಗಳೆಲ್ಲಿ ಅಂತ ಕೇಳ್ತಾರೆ. ಹೊಳೇಲಿ ಈಜ್ತಾ ಇದ್ದಾರೆ ಅನ್ನು. ಕರೀಬೇಡ."