ರಾಜನ ಕಣ್ಣೊಳಗಿನ ಸ್ಕ್ರೂ

ಒಂದಾನೊಂದು ಊರಿನಲ್ಲಿ, ಅದು ನಮ್ಮೂರಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಮೇಲೆ ಬರಬೇಡಿ, ಒಬ್ಬ ರಾಜನಿದ್ದ. ಅವನಿಗೆ ಆನೆ ಬೇಡ, ಕುದುರೆ ಬೇಡ, ಪಲ್ಲಕ್ಕಿ ಬೇಡ. ಒಂದು ಕರೆಂಟ್ ಸೈಕಲ್ ಇದ್ದರೆ ಸಾಕು. ಎದ್ದರೆ ಸೈಕಲ್, ಉಂಡರೆ ಸೈಕಲ್. ಯುದ್ಧಕ್ಕೂ ಸೈಕಲ್ಲಿನಲ್ಲೇ ಹೋಗಿ ಸೋತು ಬಂದಿದ್ದ.

ಒಂದು ದಿನ ಸೈಕಲ್ಲಿನ ಮೋಟಾರು ಗರ್ರೋ ಅನ್ನತೊಡಗಿತು. ಮೆಲ್ಲಗೆ ಹೋದರೂ ಗರ್ರೋ, ಜೋರಾಗಿ ಹೋದರೂ ಗರ್ರೋ. ರಾಜ ಊಟ ಬಿಟ್ಟ. ರಾಜ ಬಿಟ್ಟ ಮೇಲೆ ಊರಿಗೆ ಊರೇ ಊಟ ಬಿಡಬೇಕಾಯಿತು. "ಕರೀರಿ ಸಿಂಗ್ರಯ್ಯನ್ನ!" ಅಂದ.

ಸಿಂಗ್ರಯ್ಯ ಆ ಊರಿನ ಸೈಕಲ್ ರಿಪೇರಿಯವನು. ಕೈ ಬಂಗಾರದ್ದು, ಎದೆ ಮಾತ್ರ ಗುಬ್ಬಚ್ಚಿಯದು. ಅವನ ಹೆಂಡತಿ ಪುಟ್ಟತಾಯಿ ಬೀದಿಬೀದಿಯಲ್ಲಿ ಸೊಪ್ಪು ಮಾರುವವಳು. ಅವಳು ಮೂಡಲ ಬೀದಿಯಲ್ಲಿ "ದಂಟೂ... ಸಬ್ಬಸಿಗೇ..." ಎಂದು ಕೂಗಿದರೆ ಪಡುವಲ ಬೀದಿಯಲ್ಲಿ ಒಲೆ ಹಚ್ಚುತ್ತಿದ್ದರು. ಆ ಕೂಗು ಕೇಳಿಯೇ ಸಿಂಗ್ರಯ್ಯ ಅವಳನ್ನು ಮದುವೆಯಾಗಿದ್ದು. ದಿನವೆಲ್ಲ ಕಬ್ಬಿಣದ ಸದ್ದು ಕೇಳುವ ಕಿವಿಗೆ ಅದೊಂದೇ ತಂಪು.

ಸಿಂಗ್ರಯ್ಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್ ಬಾಕ್ಸಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡ. ಮೆಕ್ಯಾನಿಕ್ಕುಗಳು ಕೇಳುವುದೇ ಹಾಗೆ. ಒಳಗೊಂದು ಪುಟ್ಟ ಹಲ್ಲುಚಕ್ರ ಅಳುತ್ತಿತ್ತು.

"ಅಣ್ಣಾ, ಗ್ರೀಸು ಒಣಗೋಗೈತೆ. ನನ್ನ ಹಲ್ಲು ಮುರಿದೈತೆ. ಕಬ್ಬಿಣಕ್ಕೆ ಕಬ್ಬಿಣ ಉಜ್ತಾ ಐತೆ. ನನ್ನ ತೆಗೆದು ಒಂದು ನೈಲಾನ್ ಚಕ್ರ ಹಾಕು, ಎರಡು ಬೆರಳು ಗ್ರೀಸ್ ಬಳಿ. ಸದ್ದೇ ಇರಲ್ಲ."

"ಅಷ್ಟೇನಾ?"

"ಅಷ್ಟೇ ಕಣಣ್ಣ."

ಸಿಂಗ್ರಯ್ಯ ಮುಚ್ಚಳ ಬಿಚ್ಚಲು ಕೈ ಹಾಕಿದ. "ಏಯ್!" ಎಂದ ಕಾವಲುಗಾರ. ಮುಚ್ಚಳದ ಮೇಲೆ ರಾಜನ ಮುಖ ಬರೆದಿತ್ತು. ಸ್ಕ್ರೂ ಎರಡು. ಎರಡೂ ಸರಿಯಾಗಿ ರಾಜನ ಕಣ್ಣುಗುಡ್ಡೆಯಲ್ಲಿ.

"ದೊರೆ ಕಣ್ಣಿಗೆ ಸ್ಕ್ರೂಡ್ರೈವರ್ ಹಾಕ್ತೀಯೇನೋ? ತಲೆ ಹೋಯ್ತದೆ!"

ಅಷ್ಟರಲ್ಲಿ ರಾಜನೇ ಬಂದ. "ಏನಾಗಿದೆಯಯ್ಯಾ ಇದಕ್ಕೆ?"

ನಿಜ ನಾಲಿಗೆಯ ತುದಿಗೆ ಬಂದಿತ್ತು. ಸಿಂಗ್ರಯ್ಯ ನುಂಗಿಕೊಂಡ. "ಮುಚ್ಚಳ ಸಾಲದು ಮಾಸ್ವಾಮಿ. ಸದ್ದು ಆಚೆ ಸೋರ್ತಾ ಐತೆ."

ಮನೆಯಲ್ಲಿ ಪುಟ್ಟತಾಯಿ ತರಾಟೆಗೆ ತೆಗೆದುಕೊಂಡಳು. "ಅಲ್ಲ ಕಣಯ್ಯ, ಅದು ಬಣ್ಣದ ಕಣ್ಣು. ಬಣ್ಣಕ್ಕೆ ನೋವಾಯ್ತದಾ? ಬಾಯಿ ಬಿಟ್ಟು ಹೇಳೋಕೇನು ರೋಗ?"

"ನಾಳೆ ಹೇಳ್ತೀನಿ ಕಣೆ."

ನಾಳೆ ಬಂತು. ಮುಚ್ಚಳದ ಮೇಲೆ ಮುಚ್ಚಳ, ಅದರ ಮೇಲೊಂದು ಮುಚ್ಚಳ, ಹೀಗೆ ಏಳು ಮುಚ್ಚಳ ಬಿತ್ತು. ಏಳಕ್ಕೂ ರಾಜನ ಮುಖ, ಏಳಕ್ಕೂ ಕಣ್ಣಲ್ಲಿ ಸ್ಕ್ರೂ. ಬಿಗಿಯುವಾಗ ರಾಜನ ಕಣ್ಣಿಗೆ ಸ್ಕ್ರೂಡ್ರೈವರ್ ಹಾಕಬಹುದು, ಬಿಚ್ಚುವಾಗ ಹಾಕಬಾರದು. ಆ ಊರಿನ ಕಾನೂನೇ ಹಾಗೆ. ಸೈಕಲ್ಲು ಬೀಸುವ ಕಲ್ಲಿನಷ್ಟು ಭಾರವಾಯಿತು. ಮೋಟಾರಿಗೆ ಏದುಸಿರು ಬಂತು. ಗರ್ರೋ ಹೋಗಿ ಘರ್ರೋ ಆಯಿತು.

"ಈಗೇನಯ್ಯಾ?" ಎಂದ ರಾಜ.

"ಇಷ್ಟು ದಿನ ಸೋರಿದ ಸದ್ದು ಊರೊಳಗೆ ಸೇರ್ಕೊಂಡೈತೆ ಮಾಸ್ವಾಮಿ."

ತಾನಾಡಿದ ಮಾತಿಗೆ ಸಿಂಗ್ರಯ್ಯನಿಗೇ ಹೇಸಿಗೆಯಾಯಿತು. ರಾಜನಿಗೆ ಮಾತ್ರ ಬಲು ಹಿಡಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತಲ್ಲ, ಹಾಗೆ ಊರಿಗೆಲ್ಲ ಮುಚ್ಚಳ ಹಾಕಿಸಿದ. ಗಾಣಕ್ಕೆ ಮುಚ್ಚಳ. ನಾಯಿಗೆ ಮುಚ್ಚಳ. ಕೆರೆಯ ಕಪ್ಪೆಗಳಿಗೆ ಪುಟಾಣಿ ಮುಚ್ಚಳ. ಕುಕ್ಕರಿನ ವಿಷಲ್ಲಿಗೂ ಮುಚ್ಚಳ ಹಾಕಿದರು, ಅದು ಯಾರದೋ ಮನೆಯ ಸಾರನ್ನು ಹೊತ್ತುಕೊಂಡು ಆಕಾಶಕ್ಕೆ ಹೋದದ್ದು ಇನ್ನೂ ಇಳಿದಿಲ್ಲ. ಗುಡುಗಿಗೆ ಮುಚ್ಚಳ ಹಾಕಲು ನಾಲ್ವರು ಸೈನಿಕರು ಏಣಿ ಹತ್ತಿ ಕಾಯುತ್ತ ಕೂತರು. ಸ್ಕ್ರೂ ಬಿಗಿಯುವವನು ಸಿಂಗ್ರಯ್ಯನೇ.

ಊರು ಸುಮ್ಮನಾದಷ್ಟೂ ಘರ್ರೋ ದೊಡ್ಡದಾಗಿ ಕೇಳಿತು. ರಾಜ ಕೆಂಡವಾದ. "ನಾಳೆ ಮಧ್ಯಾಹ್ನದೊಳಗೆ ಸದ್ದು ಹೋಗಬೇಕು, ಇಲ್ಲ ನಿನ್ನ ತಲೆ ಹೋಗಬೇಕು. ಎರಡರಲ್ಲಿ ಒಂದು ಹೋಗಲೇಬೇಕು!"

ಮರುದಿನ ರಾಜ ಸಿಂಗ್ರಯ್ಯನನ್ನು ಹಿಂದೆ ಓಡಿಸಿಕೊಂಡು ಸೈಕಲ್ಲಿನಲ್ಲಿ ಬರುವಾಗ ಪುಟ್ಟತಾಯಿ ಬೀದಿಯ ನಡುವೆ ಸೊಪ್ಪಿನ ಕುಕ್ಕೆ ಇಳಿಸಿ ನಿಂತಳು. ಗಂಡನ ತಲೆ ಉಳಿಯಬೇಕಿತ್ತು. ಸೊಪ್ಪು ಮಾರುವ ಗಂಟಲಿನಲ್ಲೇ ಕೂಗಿದಳು.

"ಒಳಗೊಂದು ಹಲ್ಲು ಮುರಿದೈತೆ ದೊರೇ... ಮುಚ್ಚಳ ತೆಗೀರೀ... ಎರಡು ಬೆರಳು ಗ್ರೀಸ್ ಹಾಕೀ..."

ರಾಜ ಬ್ರೇಕ್ ಹಿಡಿದು ಇಳಿದ. "ಸಿಂಗ್ರಯ್ಯಾ, ಈ ಸದ್ದು ಎಲ್ಲಿಂದ ಬರ್ತಾ ಇದೆ?"

ಸಿಂಗ್ರಯ್ಯ ಸೈಕಲ್ ನೋಡಿದ. ಹೆಂಡತಿಯನ್ನು ನೋಡಿದ. ಅವಳು ಹೇಳು ಎಂಬಂತೆ ತಲೆಯಾಡಿಸಿದಳು. ಸಿಂಗ್ರಯ್ಯನ ಬೆರಳು ಮೇಲೆದ್ದಿತು. ಸೈಕಲ್ಲಿನ ಕಡೆಗಲ್ಲ, ಅವಳ ಕಡೆಗೆ.

"ಇಲ್ಲಿಂದ ಮಾಸ್ವಾಮಿ."

ಪುಟ್ಟತಾಯಿಯ ತಲೆಗೊಂದು ಪಟ್ಟಿ ಸುತ್ತಿ, ಬಾಯಿಗೆ ರಾಜನ ಮುಖದ ಮುಚ್ಚಳ ಕೂರಿಸಿದರು. ಸಿಂಗ್ರಯ್ಯ ಎರಡೂ ಸ್ಕ್ರೂ ಬಿಗಿದ. ರಾಜ ಕಿವಿಗೊಟ್ಟು ಕೇಳಿದ. ಸೈಕಲ್ಲು ನಿಂತಿತ್ತು, ಸದ್ದು ಎಲ್ಲಿಂದ ಬರಬೇಕು? "ಆಹಾ! ಹೋಯ್ತು!" ಎಂದು ಕುಣಿದಾಡಿದ. ಹೋದ ಸದ್ದು ಮತ್ತೆ ಬಂದೀತೆಂದು ಅಂದಿನಿಂದ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿಯೇ ಕೂರತೊಡಗಿದ. ಸಿಂಗ್ರಯ್ಯನಿಗೆ 'ನಾದಾಂತಕ' ಎಂಬ ಬಿರುದು ಕೊಟ್ಟು ಶಾಲು ಹೊದಿಸಿದ.

ಶಾಲು ಹೊದ್ದವನು ಮನೆಗೆ ಬಂದು ಹೆಂಡತಿಯ ಕಾಲಬುಡದಲ್ಲಿ ಕುಳಿತ. "ತಲೆ ಉಳೀತಲ್ಲಾ ಪುಟ್ಟತಾಯಿ. ಒಂದು ದಿನ ಬಿಚ್ತೀನಿ ಕಣೆ. ಸ್ವಲ್ಪ ತಡ್ಕೋ."

ಪುಟ್ಟತಾಯಿ ಅವನ ಜೇಬಿನಿಂದ ಸ್ಕ್ರೂಡ್ರೈವರ್ ಎಳೆದುಕೊಂಡಳು. ರಾಜನ ಎಡಗಣ್ಣಿಗೆ ಹಾಕಿ ತಿರುಗಿಸಿದಳು. ಬಲಗಣ್ಣಿಗೆ ಹಾಕಿ ತಿರುಗಿಸಿದಳು. ಅರೆಗಳಿಗೆ ಸಾಕಾಯಿತು. ಆಕಾಶ ಕಳಚಿ ಬೀಳಲಿಲ್ಲ. ರಾಜನ ಕಣ್ಣಿನಿಂದ ಒಂದು ಹನಿ ನೀರೂ ಬರಲಿಲ್ಲ.

ಸಿಂಗ್ರಯ್ಯ ಬೈಗುಳಕ್ಕೆ ಕಾದ. ಒಂದೇ ಒಂದು ಬೈಗುಳ ಬಿದ್ದಿದ್ದರೂ ಬದುಕಿಕೊಳ್ಳುತ್ತಿದ್ದ. ಅವಳು ಅವನಿಗೆ ಒಂದು ಮಾತನ್ನೂ ಕೊಡಲಿಲ್ಲ. ಕುಕ್ಕೆ ಎತ್ತಿಕೊಂಡು ಊರ ಗಡಿ ದಾಟಿದಳು. ಗಡಿಯಾಚೆಯಿಂದ "ದಂಟೂ... ಸಬ್ಬಸಿಗೇ..." ಕೇಳಿಸಿತು. ಆಮೇಲೆ ಅದೂ ಕೇಳಿಸಲಿಲ್ಲ.

ಹೊಸಿಲ ಮೇಲೆ ಮುಚ್ಚಳ ಬಿದ್ದಿತ್ತು. ಸಂಜೆ ಕಾವಲುಗಾರ ಬರುತ್ತಾನೆ, ಖಾಲಿ ಮುಚ್ಚಳ ಕಂಡರೆ ತಲೆ ತೆಗೆಯುತ್ತಾನೆ. ಸಿಂಗ್ರಯ್ಯ ಸುತ್ತಮುತ್ತ ನೋಡಿದ. ಪಟ್ಟಿಯನ್ನು ತನ್ನ ತಲೆಗೆ ಸುತ್ತಿಕೊಂಡ. ಮುಚ್ಚಳವನ್ನು ತನ್ನ ಬಾಯಿಗೆ ಇಟ್ಟು ಬಿಗಿದುಕೊಂಡ. ಅಳತೆ ಸರಿಯಾಗಿಯೇ ಇತ್ತು.

ಈ ಕತೆಯ ನೀತಿ ಏನೆಂದರೆ, ಸೈಕಲ್ಲಿಗೆ ಕಾಲಕಾಲಕ್ಕೆ ಗ್ರೀಸ್ ಹಾಕಿಸಬೇಕು. ಬೇರೆ ನೀತಿಯೂ ಒಂದಿದೆ, ಹೇಳೋಣವೆಂದರೆ ನನಗೂ ಹೆಂಡತಿ ಮಕ್ಕಳಿದ್ದಾರೆ. ಕತೆ ಗಡಿ ದಾಟಿ ಹೋಯಿತು, ನಾವು ಇಲ್ಲೇ ಸುಮ್ಮನೆ ಕುಳಿತಿದ್ದೇವೆ.