ಎಂಟಾಣೆಗೆ ಬಾರದ ಆಜ್ಞೆ

ಪದ್ದಯ್ಯ ಶೆಟ್ಟರ ಗಲ್ಲಾಪೆಟ್ಟಿಗೆಯಲ್ಲಿದ್ದ ಎಂಟಾಣೆಗೆ ತನ್ನ ಸಿಂಹಮುದ್ರೆಯ ಮೇಲೆ ಬಹಳ ಹೆಮ್ಮೆ.

“ತಾತಯ್ಯ, ಹೊರಗೆ ಸುತ್ತಾಡಿ ಎಷ್ಟು ಕಾಲವಾಯಿತು?” ಎಂದು ಪಕ್ಕದ ಭರಣಿಯ ಪೆಪ್ಪರಮಿಂಟು ಕೆಣಕಿತು.

“ನಾಲ್ಕಾಣೆಯನ್ನು ಸರ್ಕಾರವೇ ಆಜ್ಞೆ ಹೊರಡಿಸಿ ರದ್ದು ಮಾಡಿತು. ನನ್ನ ಹೆಸರಿಗೆ ಅಂಥ ಆಜ್ಞೆ ಬಂದಿಲ್ಲ. ನಿನ್ನನ್ನು ಯಾವ ಟಂಕಸಾಲೆ ಹೆತ್ತಿತು, ಮಿಠಾಯಿ?” ಎಂದಿತು ಎಂಟಾಣೆ.

ಅಷ್ಟರಲ್ಲಿ ಕೊತ್ತಂಬರಿ ಬೀಜ ಕೊಂಡ ಹೆಂಗಸಿಗೆ ಚಿಲ್ಲರೆ ಕೊಡಬೇಕಾಗಿ ಬಂದು, ಶೆಟ್ಟರು ಎಂಟಾಣೆಯನ್ನೇ ಚಾಚಿದರು.

“ಇದು ಎಲ್ಲೂ ನಡೆಯೋದಿಲ್ಲ ಶೆಟ್ರೇ, ಪೆಪ್ಪರಮಿಂಟೇ ಕೊಡಿ” ಎಂದಳು ಅವಳು.

ಮಿಠಾಯಿ ಅವಳ ಕೈಸೇರಿತು. ಶೆಟ್ಟರು ಬೇಸರದಿಂದ ನಾಣ್ಯವನ್ನು ಕುಂಟುತ್ತಿದ್ದ ಸ್ಟೂಲಿನ ಕಾಲಡಿಗೆ ತುರುಕಿ ಕುಳಿತರು. ಅಲ್ಲಿ ಮೊದಲೇ ಇದ್ದ ನಾಲ್ಕಾಣೆ, “ಬಾ ಅಣ್ಣ, ನಿನಗೂ ಆಜ್ಞೆ ಬಂತೇ?” ಎಂದು ವಿಚಾರಿಸಿತು.

“ಬಂದಿಲ್ಲ” ಎಂದಿತು ಎಂಟಾಣೆ, ಆಗಲೂ ಹೆಮ್ಮೆಯಿಂದ.