ಬಾಳಪ್ಪ ಕಟ್ಟಿದ ಹಿತ್ತಲ ಅಡುಗೆಮನೆ

ಊರೆಂದ ಮೇಲೆ ಒಬ್ಬ ಪೆದ್ದ ಇರಲೇಬೇಕು. ನಮ್ಮೂರಿನ ಪಾಲಿಗೆ ಬಂದವನು ಬಾಳಪ್ಪ. ಅವನ ಅವ್ವ ಕಲ್ಲವ್ವ ಜೋಳದ ರೊಟ್ಟಿ ಬಡಿದು ಮಾರುವವಳು. ಕಿಟಕಿಯಿಲ್ಲದ ಅಡುಗೆಮನೆಯ ಹೊಗೆ ಕುಡಿದು ಕುಡಿದು ಅವಳಿಗೆ ಕೆಮ್ಮು ಹತ್ತಿತ್ತು. ಇನ್ನೊಂದು ವರ್ಷ ಈ ಹೊಗೆಯಲ್ಲಿ ಕೂತರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಹೇಳಿದ್ದರು. ಹಿತ್ತಲಲ್ಲೊಂದು ಅಡುಗೆಮನೆ ಕಟ್ಟಬೇಕು, ಅದಕ್ಕೆ ಪುರಸಭೆಯ ಪರವಾನಗಿ ಬೇಕು, ಓಡಾಡಲು ಇರುವವನು ಈ ಮಗ ಒಬ್ಬನೇ. ಅವಳ ಕರ್ಮ.

ಮೊದಲ ದಿನ ಅರ್ಜಿ ಹಿಡಿದು ಹೋದ. ಜಾಗದ ಅಳತೆ ಎಷ್ಟು ಎಂದು ಗುಮಾಸ್ತ ಕೇಳಿದ. ಇವನು ಹಲ್ಲು ಕಿರಿದು ವಾಪಸು ಬಂದ. ಕಲ್ಲವ್ವ ಹಣೆ ಹಣೆ ಬಡಿದುಕೊಂಡಳು. ಎಲ್ಲಿಗೆ ಹೋದರೂ ಬಾಯಿ ತೆರೆಯುವ ಮೊದಲು ಅಳತೆ ತೆಗೆಯಬೇಕೋ ಮಂಗ್ಯಾ ಎಂದು ಬೈದಳು.

ಬಾಳಪ್ಪ ಹೂಂ ಅಂದ.

ಆಮೇಲೆ ಪಕ್ಕದ ಮನೆಯವರ ಒಪ್ಪಿಗೆ ಬೇಕೆಂದರು. ಬಾಳಪ್ಪ ಟೇಪು ಹಿಡಿದು ಪಕ್ಕದ ಮನೆಯ ಗಂಗಕ್ಕನ ಹತ್ತಿರ ಹೋದ. ಬಾಯಿ ತೆರೆಯಲಿಲ್ಲ. ಮೊದಲು ಅವಳ ಎತ್ತರ ಅಳೆದ, ಆಮೇಲೆ ಸೊಂಟಕ್ಕೆ ಟೇಪು ಸುತ್ತಿದ. ಗಂಗಕ್ಕ ಕಸಬರಿಗೆ ಹಿಡಿದು ಓಣಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋದಳು. ಕಡೆಗೆ ಕಲ್ಲವ್ವನೇ ಅವಳ ಕೈಕಾಲು ಹಿಡಿದು ಒಪ್ಪಿಗೆ ತಂದಳು.

"ಮಂದಿ ಮುಂದ ಕೈ ಮುಗಿದು ನಿಂದರಬೇಕೋ. ಸಹಿ ಹಾಕೂತನಕ ಅಲ್ಲಾಡಬಾರದು," ಎಂದು ಮಗನಿಗೆ ಬುದ್ಧಿ ಹೇಳಿದಳು.

ಬಾಳಪ್ಪ ಹೂಂ ಅಂದ.

ಜಾಗ ನೋಡಲು ಪುರಸಭೆಯ ಇಂಜಿನಿಯರು ಬಂದ. ಬಾಳಪ್ಪ ಬಾಗಿಲಿಗೆ ಅಡ್ಡ ನಿಂತು ಕೈ ಮುಗಿದ. ಸರಿಯಪ್ಪಾ ಅಂದರೂ ಸರಿಯಲಿಲ್ಲ, ಗದರಿದರೂ ಸರಿಯಲಿಲ್ಲ. ಬಿಸಿಲು ಏರಿತು, ಊಟದ ಹೊತ್ತಾಯಿತು. ಹಾಳಾಗಿ ಹೋಗು ಎಂದು ಇಂಜಿನಿಯರು ಹೊಸ್ತಿಲಲ್ಲೇ ಸಹಿ ಗೀಚಿದ, ಹಿತ್ತಲು ನೋಡಲೇ ಇಲ್ಲ. ನೋಡಿ ಸಹಿ ಹಾಕುವವರು ನಮ್ಮೂರಲ್ಲಿ ಕಡಿಮೆಯೇ ಬಿಡಿ.

"ಹಿತ್ತಲಿನ ಮೂರು ಕಡೆ ಮಂದಿ ಮನಿ ಅದಾವ. ಅವರ ಕಡೆ ಬಾಗಿಲಾ ಕಿಟಕಿ ಇಟ್ಟರ ಕೆಡವಸ್ತೀನಿ," ಎಂದು ಅರ್ಜಿಯಲ್ಲಿದ್ದ ನಕ್ಷೆ ನೋಡಿಯೇ ಹೇಳಿ ಹೋದ.

ಪರವಾನಗಿ ನೋಡಿ ಕಲ್ಲವ್ವ ಅತ್ತೇಬಿಟ್ಟಳು. ಅಷ್ಟು ಸಂತೋಷ. ಸಾಹೇಬರು ಹೇಳಿದ್ದರಲ್ಲಿ ಒಂದಿಷ್ಟೂ ತಪ್ಪಬೇಡ ಅಂದಳು. ನಮ್ಮ ಮನೆಯ ಕಡೆಗೂ ಹೊಗೆ ಬರದ ಹಾಗೆ ಕಟ್ಟು ಅಂದಳು. ಪಕ್ಕದೂರಿನ ಮದುವೆಗೆ ರೊಟ್ಟಿ ಬಡಿಯಲು ಹೋದಳು.

ನಾಲ್ಕು ದಿನ ಬಿಟ್ಟು ಬಂದು ನೋಡಿದರೆ ಹಿತ್ತಲಲ್ಲಿ ನಾಲ್ಕು ಗೋಡೆ, ಮೇಲೆ ತಗಡು. ಬಾಗಿಲು ಎಲ್ಲೂ ಇಲ್ಲ. ಒಳಗೆ ನಿಂತು ಕಟ್ಟಿದ ಮಗ ಒಳಗೇ ಇದ್ದ.

"ಯಾರ ಕಡೆನೂ ಬಾಗಿಲಿಟ್ಟಿಲ್ಲವ್ವ," ಎಂದ ಗೋಡೆಯ ಆಚೆಯಿಂದ, ಭಾರಿ ಹೆಮ್ಮೆಯಲ್ಲಿ.

ಕಲ್ಲವ್ವ ಹಾರೆ ತಂದು ಒಂದು ಇಟ್ಟಿಗೆ ಕಿತ್ತಳು. ಸಾಹೇಬರು ಬೈತಾರವ್ವ ಎಂದು ಅವನು ಒಳಗಿನಿಂದ ಇನ್ನೊಂದು ಇಟ್ಟ. ಕಿತ್ತಳು, ಇಟ್ಟ. ಕಿತ್ತಳು, ಇಟ್ಟ. ಅವಳ ಕೈ ಸೋತಿತು. ಮಗ ಉಪವಾಸ ಇದ್ದಾನಲ್ಲ ಎಂದು ಸಂಕಟವಾಯಿತು. ಮನೆಯೊಳಗೆ ಹೋಗಿ ಹಳೆಯ ಒಲೆಯನ್ನೇ ಹಚ್ಚಿ, ಕೆಮ್ಮುತ್ತಾ ಎರಡು ರೊಟ್ಟಿ ಬೇಯಿಸಿದಳು. ಮತ್ತೊಂದು ಇಟ್ಟಿಗೆ ಕಿತ್ತು ಆ ಸಂದಿಯಲ್ಲಿ ರೊಟ್ಟಿ ತೂರಿಸಿದಳು.

ಬಾಳಪ್ಪ ರೊಟ್ಟಿ ತೆಗೆದುಕೊಂಡು ಸಂದಿ ಮುಚ್ಚಿದ.